ಪರೀಕ್ಷೆ ಕಟ್ಟುವ ಮುನ್ನ ಎಷ್ಟು ದಿನದ ಓದು ಬೇಕು?

ಕಳೆದ ತಿಂಗಳ ಒಂದು ಜುಮಾದ ಖುತ್ಬಾದಲ್ಲಿ ಸಮಯವೆಂಬ ಅಮಾನತ್ತಿನ ಬಗ್ಗೆ ನಾವು ಮಾತಾಡಿದ್ದೆವು. ಅದರ ಸಾರಾಂಶ ಇದೇ ಸಂಚಿಕೆಯ ಬೇರೆ ಪುಟದಲ್ಲಿದೆ. ನಮಾಝ್ ಮುಗಿದು ಜನ ಚಪ್ಪಲಿ ಹುಡುಕುತ್ತಿದ್ದಾಗ ರಿಪ್ಪನ್‌ಪೇಟೆ ಕಡೆಯ ಒಬ್ಬ ತಂದೆ ಹತ್ತಿರ ಬಂದರು. "ಹಝ್ರತ್, ಮಗಳು ಕಾಲೇಜಲ್ಲಿ ಸ್ವಯಂ ಅಂತ ಏನೋ ಪರೀಕ್ಷೆ ಕಟ್ಟಬೇಕಂತೆ, ಸಾವಿರ ರೂಪಾಯಿ ಕೇಳ್ತಿದಾಳೆ. ಎಷ್ಟು ದಿನ ಓದಿದ್ರೆ ಪಾಸಾಗ್ತಾಳೆ ಹೇಳಿ, ಆಮೇಲೆ ಕೊಡ್ತೀನಿ" ಎಂದರು. ಪ್ರಶ್ನೆ ಸರಿಯಾಗಿಯೇ ಇತ್ತು. ಆದರೆ ನಿಂತಲ್ಲೇ ಉತ್ತರ ಹೇಳುವಂಥದ್ದಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲೂಕುಗಳ ಮನೆಗಳಿಂದ ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಿರುವುದರಿಂದ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಆ ಪರೀಕ್ಷೆ ಏನೆಂದು ತಿಳಿಯೋಣ. ಸ್ವಯಂ ಎಂಬುದು ಕೇಂದ್ರ ಸರಕಾರ 2017ರಲ್ಲಿ ಆರಂಭಿಸಿದ ಆನ್‌ಲೈನ್ ಪಾಠಗಳ ವ್ಯವಸ್ಥೆ. ಅದರೊಳಗೆ ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟಿಇಎಲ್ ಒಂದು ದೊಡ್ಡ ಭಾಗ. ಪಾಠ ಕೇಳಲು ದುಡ್ಡಿಲ್ಲ. ಪರೀಕ್ಷೆ ಬರೆಯುವುದಾದರೆ ಮಾತ್ರ ಶುಲ್ಕ. ಪಾಸಾದರೆ ಅದರ ಕ್ರೆಡಿಟನ್ನು ತಮ್ಮ ಪದವಿಗೆ ಸೇರಿಸಿಕೊಳ್ಳಲು ಯುಜಿಸಿ ಕಾಲೇಜುಗಳಿಗೆ ಅವಕಾಶ ಕೊಟ್ಟಿದೆ. 2016ರ ನಿಯಮದಲ್ಲಿ ಒಂದು ಸೆಮಿಸ್ಟರಿನ ಒಟ್ಟು ವಿಷಯಗಳಲ್ಲಿ ಶೇಕಡಾ 20ರವರೆಗೆ ಎಂದಿತ್ತು, 2021ರಲ್ಲಿ ಅದು 40ಕ್ಕೆ ಏರಿತು. ಅಮೆರಿಕದಲ್ಲಿ ಇಂಥದ್ದು ಹಳೆಯದು. ಅಲ್ಲಿ ಕ್ಲೆಪ್ ಎಂಬ ಪರೀಕ್ಷೆ 1967ರಿಂದ ಇದೆ. ತರಗತಿಗೆ ಹೋಗದೆ, ಸ್ವಂತ ಓದಿನಿಂದ ಬಂದವನೂ ಬರೆದು ಕ್ರೆಡಿಟ್ ಪಡೆಯಬಹುದು. ತಯಾರಿಯಿಲ್ಲದೆ ಕೂತು ಸೋತವನು ಮತ್ತೆ ಅದೇ ವಿಷಯ ಬರೆಯಲು ಮೂರು ತಿಂಗಳು ಕಾಯಬೇಕು. ನಮ್ಮಲ್ಲಿ ಸೋತರೆ ಸಾಮಾನ್ಯವಾಗಿ ಮುಂದಿನ ಅವಧಿಯವರೆಗೆ, ಅಂದರೆ ಹೆಚ್ಚೂಕಡಿಮೆ ಅರ್ಧ ವರ್ಷ.

ಈಗ ಎಷ್ಟು ದಿನ ಎಂಬ ಮಾತಿಗೆ ಬರೋಣ. ದಿನ ಎಂದು ಕೇಳುವುದರಲ್ಲಿಯೇ ತಪ್ಪಿದೆ, ಗಂಟೆ ಎಂದು ಕೇಳಬೇಕು. 2023ರಲ್ಲಿ ಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ ಒಂದು ಕ್ರೆಡಿಟ್ ಎಂದರೆ ಸುಮಾರು 30 ಗಂಟೆಗಳ ಕಲಿಕೆ. ಎನ್‌ಪಿಟಿಇಎಲ್‌ನಲ್ಲಿ 4 ವಾರದ ಕೋರ್ಸಿಗೆ 1 ಕ್ರೆಡಿಟ್, 8 ವಾರಕ್ಕೆ 2, 12 ವಾರಕ್ಕೆ 3. ಹಾಗಾದರೆ ಹನ್ನೆರಡು ವಾರದ ಕೋರ್ಸಿಗೆ 90 ಗಂಟೆ. ಅದರಲ್ಲಿ ವಿಡಿಯೊ ಪಾಠ ಸುಮಾರು 30 ಗಂಟೆ ಮಾತ್ರ. ಉಳಿದ 60 ಗಂಟೆ ಟಿಪ್ಪಣಿ ಬರೆಯುವುದಕ್ಕೆ, ಲೆಕ್ಕ ಮಾಡುವುದಕ್ಕೆ, ಮರೆತದ್ದನ್ನು ಮತ್ತೆ ನೋಡುವುದಕ್ಕೆ. ನಮ್ಮ ಮಕ್ಕಳು ಎಡವುವುದು ಇಲ್ಲಿಯೇ. ವಿಡಿಯೊ ನೋಡಿ ಮುಗಿಸಿದರೆ ಓದು ಮುಗಿಯಿತು ಎಂದುಕೊಳ್ಳುತ್ತಾರೆ. ಮೂರರಲ್ಲಿ ಒಂದು ಪಾಲು ಮಾತ್ರ ಆಗಿರುತ್ತದೆ.

ವಾರಕ್ಕೆ ಏಳೂವರೆ ಗಂಟೆ ಎಂದರೆ ದಿನಕ್ಕೆ ಒಂದು ಗಂಟೆ, ಭಾನುವಾರ ಒಂದೂವರೆ. ಇದು ಭಾರವಲ್ಲ. ಭಾರವಾಗುವುದು ಮೂರು ವಾರ ಬಿಟ್ಟು ನಾಲ್ಕನೇ ವಾರ ಒಟ್ಟಿಗೆ ಕೂತಾಗ. ಎನ್‌ಪಿಟಿಇಎಲ್‌ನಲ್ಲಿ ವಾರವಾರವೂ ಅಸೈನ್‌ಮೆಂಟ್ ಇರುತ್ತದೆ, ಅದಕ್ಕೆ ಕೊನೆಯ ದಿನಾಂಕವೂ ಇರುತ್ತದೆ. ಅವುಗಳಿಗೆ ಒಟ್ಟು 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ಅಸೈನ್‌ಮೆಂಟಿನಲ್ಲಿ 10 ಮತ್ತು ಪರೀಕ್ಷೆಯಲ್ಲಿ 30, ಎರಡೂ ಬೇಕು. ಪರೀಕ್ಷೆಯಲ್ಲಿ ಎಷ್ಟೇ ಚೆನ್ನಾಗಿ ಬರೆದರೂ ಅಸೈನ್‌ಮೆಂಟ್ ಬಿಟ್ಟವರಿಗೆ ಪ್ರಮಾಣಪತ್ರ ಇಲ್ಲ. ಹನ್ನೆರಡರಲ್ಲಿ ಉತ್ತಮವಾದ ಎಂಟನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ ಎಂಬುದೊಂದು ಸಮಾಧಾನ. ನಮ್ಮ ಮಳೆಗಾಲದ ಮಕ್ಕಳಿಗೆ ಆ ನಾಲ್ಕು ವಾರದ ರಿಯಾಯಿತಿ ಬಹಳ ದೊಡ್ಡದು.

ಮಳೆಗಾಲದ ಮಾತು ಸುಮ್ಮನೆ ಹೇಳಿದ್ದಲ್ಲ. ಈ ಕೋರ್ಸುಗಳ ಒಂದು ಅವಧಿ ಜುಲೈಯಿಂದ ಅಕ್ಟೋಬರ್, ಇನ್ನೊಂದು ಜನವರಿಯಿಂದ ಏಪ್ರಿಲ್. ಜುಲೈನಲ್ಲಿ ಆಗುಂಬೆಯ ಸುತ್ತಮುತ್ತ, ಹೊಸನಗರದ ಒಳಹಳ್ಳಿಗಳಲ್ಲಿ ಮರ ಬಿದ್ದು ಕರೆಂಟ್ ಹೋದರೆ ಮತ್ತೆ ಬರುವುದು ಯಾವಾಗ ಎಂದು ಯಾರೂ ಹೇಳಲಾರರು, ಕರೆಂಟ್ ಜೊತೆ ನೆಟ್‌ವರ್ಕೂ ಹೋಗುತ್ತದೆ. ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗ ಒಂದೇ ಅವಧಿಯಲ್ಲಿ ಮೂರು ಕೋರ್ಸ್ ತೆಗೆದುಕೊಂಡಿದ್ದ. ಮೂರು ತೊಂಬತ್ತು ಎಂದರೆ 270 ಗಂಟೆ, ಜೊತೆಗೆ ಕಾಲೇಜಿನ ಪಾಠ. ಆಗಸ್ಟ್ ಮುಗಿಯುವಾಗ ಮೂರನ್ನೂ ಬಿಟ್ಟಿದ್ದ. ಬುದ್ಧಿ ಕಡಿಮೆಯಿರಲಿಲ್ಲ ಅವನಿಗೆ. ಲೆಕ್ಕ ಹೇಳಿಕೊಡುವವರು ಇರಲಿಲ್ಲ. ಮಳೆಗಾಲದ ಅವಧಿಯಲ್ಲಿ ಒಂದೇ ಕೋರ್ಸ್ ಸಾಕು. ಪೇಟೆಗೆ ಬಂದ ದಿನ ಆ ವಾರದ ಪಾಠವನ್ನೆಲ್ಲ ಫೋನಿಗೆ ಇಳಿಸಿಕೊಂಡು ಹೋಗಬೇಕು. ಅಸೈನ್‌ಮೆಂಟನ್ನು ಕೊನೆಯ ದಿನದವರೆಗೆ ಇಟ್ಟುಕೊಳ್ಳಬಾರದು.

ಜನವರಿಯ ಅವಧಿಗೆ ಬೇರೆ ತೊಡಕು. ಅಡಿಕೆ ಸುಲಿತದ ಕೆಲಸ ಕೆಲವು ಮನೆಗಳಲ್ಲಿ ಇನ್ನೂ ಮುಗಿದಿರುವುದಿಲ್ಲ. ರಮಝಾನ್ ಕೂಡ ಈಗ ಆ ಅವಧಿಯೊಳಗೇ ಬರುತ್ತಿದೆ. 2026ರಲ್ಲಿ ಅದು ಆರಂಭವಾದದ್ದು ಫೆಬ್ರವರಿಯ ಮೂರನೇ ವಾರದಲ್ಲಿ. ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತ ಹೋಗುತ್ತದೆ. ಉಪವಾಸದ ತಿಂಗಳಲ್ಲಿ ಹೆಣ್ಣುಮಕ್ಕಳಿಗೆ ಸಹ್ರಿಯಿಂದ ಇಫ್ತಾರಿನವರೆಗೆ ಅಡುಗೆಮನೆಯ ಕೆಲಸ, ಗಂಡುಮಕ್ಕಳಿಗೆ ತರಾವೀಹ್ ನಂತರ ಗೆಳೆಯರ ಗುಂಪು. ಆ ತಿಂಗಳು ದಿನಕ್ಕೆ ಅರ್ಧ ಗಂಟೆ ಎಂದೇ ಲೆಕ್ಕ ಹಾಕಿ, ಉಳಿದದ್ದನ್ನು ಜನವರಿಯಲ್ಲಿಯೇ ಮುಂಚಿತವಾಗಿ ಓದಿಕೊಳ್ಳುವುದು ಒಳ್ಳೆಯದು. ಮಗಳು ಓದುವ ಗಂಟೆಯಲ್ಲಿ ಸಮೋಸ ಮಡಿಸಲು ಮಗನನ್ನು ಕೂರಿಸಿದರೆ ಯಾವ ದೋಷವೂ ಇಲ್ಲ. ಇದನ್ನು ನಾವು ಮಿಂಬರಿನ ಮೇಲೂ ಹೇಳಿದ್ದೇವೆ.

ಗಂಟೆಯ ಲೆಕ್ಕ ಎಲ್ಲರಿಗೂ ಒಂದೇ ಅಲ್ಲ. ಪಿಯುಸಿಯಲ್ಲಿ ಅಕೌಂಟೆನ್ಸಿ ಓದಿದವಳಿಗೆ ಅದೇ ವಿಷಯದ ಮೊದಲ ಕೋರ್ಸ್ ಐವತ್ತು ಗಂಟೆಯಲ್ಲಿ ಮುಗಿಯಬಹುದು. ಕಂಪ್ಯೂಟರ್ ಮುಟ್ಟದವನಿಗೆ ಪ್ರೋಗ್ರಾಮಿಂಗ್ ನೂರಿಪ್ಪತ್ತಾದರೂ ಬೇಕಾದೀತು. ತಿಳಿಯುವ ದಾರಿ ಒಂದೇ: ಹಳೆಯ ಪ್ರಶ್ನೆಗಳನ್ನು ಗಡಿಯಾರ ಎದುರಿಗಿಟ್ಟುಕೊಂಡು, ಪುಸ್ತಕ ಮುಚ್ಚಿ ಬರೆಯುವುದು. ಎನ್‌ಪಿಟಿಇಎಲ್ ಪರೀಕ್ಷೆ ಮೂರು ಗಂಟೆಯದು. ಮನೆಯಲ್ಲಿ ನೂರಕ್ಕೆ ಅರವತ್ತು ಬಂದರೆ ಹೋಗಬಹುದು. ನಲವತ್ತು ಬಂದರೆ ಹೋಗಬಾರದು. ಪಾಸಿಗೆ ನಲವತ್ತು ಸಾಕಲ್ಲ ಎನ್ನಬೇಡಿ. ಬೆಳಗಿನ ಬಸ್ಸಿನಲ್ಲಿ ನಿಂತು ದೂರದ ಕೇಂದ್ರಕ್ಕೆ ಹೋಗಿ, ಗುರುತಿಲ್ಲದ ಕಂಪ್ಯೂಟರ್ ಮುಂದೆ ಕೂತಾಗ ಮನೆಯ ಅಂಕದಲ್ಲಿ ಹತ್ತು ಹದಿನೈದು ಉದುರುವುದು ಸಹಜ. ಶುಲ್ಕ ಕಟ್ಟುವ ದಿನಾಂಕ ಬರುವುದು ಪಾಠ ಶುರುವಾಗಿ ಕೆಲವು ವಾರಗಳ ನಂತರ. ಅಷ್ಟರಲ್ಲಿ ಮೊದಲ ಮೂರು ನಾಲ್ಕು ಅಸೈನ್‌ಮೆಂಟುಗಳ ಅಂಕ ಕೈಯಲ್ಲಿರುತ್ತದೆ. ಆ ತಂದೆಗೆ ನಾವು ಹೇಳಿದ್ದು ಇದನ್ನೇ, ದಿನ ಎಣಿಸಬೇಡಿ, ಮಗಳು ಆ ಅಂಕ ತೋರಿಸಿದ ದಿನ ಸಾವಿರ ರೂಪಾಯಿ ಕೊಡಿ.

ಹಿಫ್ಝ್ ಮಾಡಿದ ಮಕ್ಕಳಿಗೆ ಓದುವ ಕ್ರಮ ಹೊಸದಾಗಿ ಕಲಿಸಬೇಕಾಗಿಲ್ಲ. ಸಬಕ್, ಸಬ್ಕಿ, ಮಂಝಿಲ್ ಅವರಿಗೆ ಗೊತ್ತು. ಇಂದಿನ ಹೊಸ ಪಾಠ, ಈ ವಾರದ ಪಾಠದ ಪುನರಾವರ್ತನೆ, ಹಿಂದಿನದರ ದೌರ್. ಹೊಸ ಪಾಠ ಮಾತ್ರ ಮಾಡಿ ಮಂಝಿಲ್ ಬಿಟ್ಟ ಹಾಫಿಝನ ಗತಿ ತರಾವೀಹಿನಲ್ಲಿ ಏನಾಗುತ್ತದೆ ಎಂದು ನಮ್ಮ ಜಮಾಅತ್ತಿನ ಹಿರಿಯರಿಗೆ ಹೇಳಬೇಕಿಲ್ಲ. ಅರ್ಥಶಾಸ್ತ್ರಕ್ಕೂ ಅದೇ ಕ್ರಮ ಹಿಡಿಯಿರಿ. ಒಂದು ಗಂಟೆಯಿದ್ದರೆ ಅರ್ಧ ಗಂಟೆ ಹೊಸದು, ಕಾಲು ಗಂಟೆ ಈ ವಾರದ್ದು, ಕಾಲು ಗಂಟೆ ಹಳೆಯದು.

ನಮ್ಮದೇ ಒಂದು ಕಥೆಯನ್ನೂ ಹೇಳಿಬಿಡುತ್ತೇವೆ. ಮದ್ರಸ ಮುಗಿಸಿ ಇಮಾಮತ್ ಮಾಡುತ್ತ ನಾವು ಬಿಎ ಕಟ್ಟಿದ್ದು ಅಂಚೆ ಶಿಕ್ಷಣದಲ್ಲಿ. ಉರ್ದು ಪತ್ರಿಕೆಗೆ ಎರಡು ವಾರ ಓದಿದೆವು, ಒಳ್ಳೆಯ ಅಂಕ ಬಂತು. ಅದೇ ಧೈರ್ಯದಲ್ಲಿ ಇತಿಹಾಸಕ್ಕೂ ಎರಡೇ ವಾರ ಇಟ್ಟುಕೊಂಡೆವು. ಉರ್ದುವಿನ ಹಿಂದೆ ಮದ್ರಸದ ಹತ್ತು ವರ್ಷ ಇತ್ತು, ಇತಿಹಾಸದ ಹಿಂದೆ ಏನೂ ಇರಲಿಲ್ಲ ಎಂಬುದು ಫಲಿತಾಂಶ ಬಂದ ಮೇಲೆಯೇ ಹೊಳೆದದ್ದು. ನಪಾಸಾದ ಪತ್ರಿಕೆಯನ್ನು ಮತ್ತೆ ಬರೆಯಲು ಒಂದು ವರ್ಷ ಕಾದೆವು. ಆ ವರ್ಷ ಸಂಬಳವೂ ಕಡಿಮೆಯಿತ್ತು, ಶುಲ್ಕಕ್ಕೆ ನಮ್ಮ ಅಮ್ಮೀ ಕೂಡಿಟ್ಟ ಹಣವನ್ನೇ ಕೇಳಬೇಕಾಯಿತು.

ಎಸ್ಸೆಸ್ಸೆಲ್ಸಿಯೇ ಆಗದವರಿಗೆ ಬೇರೆ ದಾರಿಯಿದೆ. ಎಂಟನೆಯಲ್ಲಿ ಬಿಟ್ಟ ಹುಡುಗಿಯರು, ಹಿಫ್ಝಿಗೆ ಹೋದ ಹುಡುಗರು ನಮ್ಮಲ್ಲಿ ಕಡಿಮೆಯಿಲ್ಲ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್, 14 ವರ್ಷ ತುಂಬಿದ ಯಾರಿಗೂ ಹತ್ತನೆಯ ತರಗತಿಗೆ ಪ್ರವೇಶ ಕೊಡುತ್ತದೆ. ಮೇಲಿನ ವಯಸ್ಸಿನ ಮಿತಿಯಿಲ್ಲ. ಉರ್ದು ಮಾಧ್ಯಮವೂ ಇದೆ. ಐದು ವಿಷಯ ಪಾಸಾಗಬೇಕು, ಆದರೆ ಒಟ್ಟಿಗೆ ಅಲ್ಲ. ಐದು ವರ್ಷದಲ್ಲಿ ಒಂಬತ್ತು ಅವಕಾಶ, ಪಾಸಾದ ವಿಷಯದ ಕ್ರೆಡಿಟ್ ಹಾಗೆಯೇ ಉಳಿಯುತ್ತದೆ. ಎಸ್ಸೆಸ್ಸೆಲ್ಸಿ ಬರೆದು ನಪಾಸಾದವರು ಪಾಸಾಗಿದ್ದ ವಿಷಯಗಳಲ್ಲಿ ಎರಡನ್ನು ಅಲ್ಲಿಗೆ ವರ್ಗಾಯಿಸಿಕೊಳ್ಳಬಹುದು. ಸಾರ್ವಜನಿಕ ಪರೀಕ್ಷೆ ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ. ಇದಲ್ಲದೆ ಬೇಡಿಕೆಯ ಮೇರೆಗೆ ಪರೀಕ್ಷೆ ಎಂಬುದೂ ಇದೆ, ತಯಾರಾದಾಗ ದಿನ ಗೊತ್ತುಮಾಡಿಕೊಂಡು ಬರೆಯುವಂಥದ್ದು. ಅದು ಎಲ್ಲರಿಗೂ ಮೊದಲ ದಿನದಿಂದಲೇ ಸಿಗುವುದಿಲ್ಲ, ಯಾವ ವಿಭಾಗದಲ್ಲಿ ಪ್ರವೇಶ ಪಡೆದಿದ್ದೀರಿ ಎಂಬುದರ ಮೇಲೆ ನಿಂತಿದೆ. ಬೆಂಗಳೂರಿನ ಪ್ರಾದೇಶಿಕ ಕೇಂದ್ರದಲ್ಲಿ ವಿಚಾರಿಸಿಯೇ ಅರ್ಜಿ ಹಾಕಿ.

ಇಲ್ಲಿ ಗಂಟೆ ದೊಡ್ಡದು. ಅವರ ಪಠ್ಯಕ್ರಮದಲ್ಲಿ ಗಣಿತಕ್ಕೆ 240 ಗಂಟೆ. ಇಶಾ ನಂತರ ಎರಡು ಗಂಟೆಯಂತೆ ವಾರಕ್ಕೆ ಐದು ದಿನ ಕೂತರೆ 24 ವಾರ, ಅಂದರೆ ಆರು ತಿಂಗಳಿಗೆ ಸ್ವಲ್ಪ ಕಡಿಮೆ. ಆದ್ದರಿಂದ ಮೊದಲ ಬಾರಿಗೆ ಉರ್ದು ಮತ್ತು ಇನ್ನೊಂದು ಹಗುರ ವಿಷಯ ಬರೆದು ಮುಗಿಸಿ, ಗಣಿತ ಇಂಗ್ಲಿಷ್‌ಗಳನ್ನು ಮುಂದಿನ ಬಾರಿಗೆ ಇಟ್ಟುಕೊಳ್ಳಿ. ಅರಬಿ ಓದಿದವನಿಗೆ ಉರ್ದುವಿನ 240 ಗಂಟೆ ಬೇಕಾಗಿಲ್ಲ. ಹಾಗೆಂದು ಪೂರ್ತಿ ತಯಾರಾದ ಮೇಲೆಯೇ ಬರೆಯುತ್ತೇನೆ ಎಂದು ಮುಂದೂಡುತ್ತ ಕೂರುವುದೂ ಅಷ್ಟೇ ಕೆಟ್ಟದ್ದು. ಆನಂದಪುರದ ಕಡೆ ನಾಲ್ಕು ವರ್ಷ ಒಂದೂ ಪತ್ರಿಕೆ ಬರೆಯದ ಯುವಕನೊಬ್ಬನಿದ್ದಾನೆ. ಅವನ ಪುಸ್ತಕಗಳಿಗೆ ಹಾಕಿದ ರಟ್ಟು ಮಾತ್ರ ಬಹಳ ಅಚ್ಚುಕಟ್ಟು.

ಕಾಲೇಜಿನಲ್ಲಿರುವವರಿಗೆ ಒಂದು ಎಚ್ಚರಿಕೆ ಉಳಿದಿದೆ. ಯುಜಿಸಿ ಅವಕಾಶ ಕೊಟ್ಟಿದೆ ಎಂದ ಮಾತ್ರಕ್ಕೆ ನಿಮ್ಮ ಕೋರ್ಸಿನ ಕ್ರೆಡಿಟ್ ನಿಮ್ಮ ಅಂಕಪಟ್ಟಿಗೆ ತಾನಾಗಿ ಬಂದು ಕೂರುವುದಿಲ್ಲ. ವಿಶ್ವವಿದ್ಯಾಲಯದ ನಿಯಮ ಬೇಕು, ಕಾಲೇಜಿನ ಒಪ್ಪಿಗೆ ಬೇಕು. ಹೆಸರು ನೋಂದಾಯಿಸುವ ಮೊದಲೇ ಪ್ರಾಂಶುಪಾಲರಿಂದ ಬರಹದಲ್ಲಿ ಕೇಳಿ ಪಡೆಯಿರಿ. 2024-25ರಿಂದ ನಮ್ಮ ರಾಜ್ಯದಲ್ಲಿ ಪದವಿ ಮತ್ತೆ ಮೂರು ವರ್ಷದ್ದಾಗಿರುವುದರಿಂದ, ಅದಕ್ಕೂ ಮೊದಲು ಸೇರಿದ ಅಕ್ಕನಿಗೆ ನಡೆದದ್ದು ತಂಗಿಗೆ ನಡೆಯಬೇಕೆಂದಿಲ್ಲ. ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಎಂಬ ಖಾತೆ 2021ರಿಂದ ಇದೆ. ಡಿಜಿಲಾಕರಿನಲ್ಲಿ ಅದನ್ನು ತೆರೆಯಬಹುದು. ಅಲ್ಲಿ ಜಮೆಯಾದ ಕ್ರೆಡಿಟ್ ಹೆಚ್ಚೆಂದರೆ ಏಳು ವರ್ಷ ಇರುತ್ತದೆ. ಮದುವೆಯಾಗಿ ಊರು ಬದಲಾದ ಹೆಣ್ಣುಮಗಳು ಅದನ್ನು ಹಿಡಿದು ಬೇರೆ ಕಾಲೇಜಿನಲ್ಲಿ ಓದು ಮುಂದುವರಿಸಲು ಕೇಳಬಹುದು. ಖಾತೆಯಲ್ಲಿನ ಹೆಸರು, ಆಧಾರ್, ಅಂಕಪಟ್ಟಿ ಮೂರರಲ್ಲೂ ಒಂದೇ ಅಕ್ಷರ ಇರಲಿ. ನಮ್ಮ ಬೀಬಿ, ಬಾನು, ಬೇಗಂಗಳು ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದೆ ಎಷ್ಟೋ ಕೆಲಸ ನಿಂತಿರುವುದನ್ನು ನೋಡಿದ್ದೇವೆ.

ವಿಚಾರಿಸಬೇಕೆನ್ನುವವರು ಜುಮಾದ ನಂತರದ ಗಡಿಬಿಡಿಯಲ್ಲಿ ಬೇಡ, ಶನಿವಾರ ಅಸರ್ ನಂತರ ಮದ್ರಸದ ಕೋಣೆಗೆ ಬನ್ನಿ. ಬರುವಾಗ ಮಗ ಅಥವಾ ಮಗಳನ್ನೂ ಕರೆತನ್ನಿ, ಹಳೆಯ ಅಂಕಪಟ್ಟಿಯೂ ಜೊತೆಗಿರಲಿ.