ಗೋಡೆ ದಾಟಿ ಬಂದ ನುಡಿ

ವೇಲ್ಸ್‌ನ ವಾಯವ್ಯ ಕರಾವಳಿಯ ಕೈರ್ನಾರ್ವನ್ ಪೇಟೆಯಲ್ಲಿ ಇಂದು ಬ್ರೆಡ್ಡು ಮಾರುವವರೂ ಕೊಳ್ಳುವವರೂ ವೆಲ್ಷ್‌ನಲ್ಲಿ ಮಾತಾಡುತ್ತಾರೆ. ಊರಿನ ನೂರು ಮಂದಿಯಲ್ಲಿ 80ಕ್ಕೂ ಹೆಚ್ಚು ಜನರಿಗೆ ಆ ಭಾಷೆ ಬರುತ್ತದೆ. ಏಳು ಶತಮಾನಗಳ ಹಿಂದೆ ಈ ಕೋಟೆಪೇಟೆಯನ್ನು ಕಟ್ಟಿಸಿದ್ದು ಅದೇ ವೆಲ್ಷ್ ಜನರನ್ನು ಹೊರಗಿಡಲು.

1282ರ ಡಿಸೆಂಬರ್‌ನಲ್ಲಿ ವೆಲ್ಷ್ ದೊರೆ ಲೆವೆಲಿನ್ ಹತನಾದ. ಮರುವರ್ಷವೇ ಇಂಗ್ಲೆಂಡಿನ ಒಂದನೇ ಎಡ್ವರ್ಡ್, ಸೆಯಾಂಟ್ ನದಿ ಮೆನಾಯ್ ಜಲಸಂಧಿಯನ್ನು ಸೇರುವ ಜಾಗದಲ್ಲಿ ಕೋಟೆಯ ಕೆಲಸ ಹಿಡಿಸಿದ. ಅಲ್ಲಿದ್ದ ಹಳೆಯ ವಸತಿ ನೆಲಸಮವಾಯಿತು. ಕೋಟೆಗೆ ಅಂಟಿಕೊಂಡಂತೆ ಪೇಟೆ, ಪೇಟೆಯ ಸುತ್ತ ಎಂಟು ಬುರುಜುಗಳ ಗೋಡೆ, ಒಳಗೆ ಇಂಗ್ಲೆಂಡಿನಿಂದ ಕರೆತಂದು ನೆಲೆಗೊಳಿಸಿದ ಕುಟುಂಬಗಳು. ಕೋಟೆಯ ಬುರುಜುಗಳನ್ನು ಎಡ್ವರ್ಡ್ ಬಹುಕೋನವಾಗಿ ಕಟ್ಟಿಸಿ, ಬಣ್ಣಬಣ್ಣದ ಕಲ್ಲಿನ ಪಟ್ಟಿ ಹಾಕಿಸಿದ. ಕಾನ್‌ಸ್ಟಾಂಟಿನೋಪಲ್‌ನ ಗೋಡೆಯನ್ನು ನೆನಪಿಸುವ ಬಗೆ ಅದು. ಹತ್ತಿರದಲ್ಲೇ ಸೆಗೊಂಟಿಯಮ್ ಎಂಬ ರೋಮನ್ ಠಾಣ್ಯದ ಅವಶೇಷವಿತ್ತು. ವೆಲ್ಷ್ ಕಥೆಗಳು ಒಬ್ಬ ರೋಮನ್ ಚಕ್ರವರ್ತಿಯ ಕನಸನ್ನು ಈ ನೆಲಕ್ಕೆ ತಳುಕು ಹಾಕಿದ್ದವು. ಸೋತವರ ನಾಡನ್ನಷ್ಟೇ ಅಲ್ಲ, ಅವರ ಕಥೆಯನ್ನೂ ಎಡ್ವರ್ಡ್ ವಶಪಡಿಸಿಕೊಂಡ. ಈ ಕಲ್ಲುಗಳ ಚೆಲುವನ್ನು ಹೊಗಳುವಾಗ ನನಗೆ ಮೊದಲು ನೆನಪಾಗುವುದು ಇದೇ.

1284ರ ಏಪ್ರಿಲ್‌ನಲ್ಲಿ ರಾಜನ ಮಗ ಇಲ್ಲಿ ಹುಟ್ಟಿದ. ಇಂಗ್ಲಿಷಿನ ಒಂದಕ್ಷರವೂ ಬಾರದ ರಾಜಕುಮಾರನನ್ನು ಕೊಡುತ್ತೇನೆಂದು ವೆಲ್ಷ್ ಜನರಿಗೆ ಹೇಳಿ ಎಡ್ವರ್ಡ್ ಈ ಕೂಸನ್ನು ತೋರಿಸಿದನಂತೆ! ಆದರೆ ಆ ಕಥೆ ಬರಹಕ್ಕೆ ಇಳಿದದ್ದು ಸುಮಾರು ಮುನ್ನೂರು ವರ್ಷಗಳ ನಂತರ. ವೆಲ್ಷ್ ಜನ ಏನನ್ನು ಒಪ್ಪಿದರು, ಏನನ್ನು ಒಪ್ಪಲಿಲ್ಲ ಎಂಬುದಕ್ಕೆ 1294 ಸಾಕ್ಷಿ. ಕೋಟೆಯಲ್ಲಿ ಪೇಟೆಯ ಕಡೆಯ ಗೋಡೆ ಆಗಿನ್ನೂ ಎದ್ದಿರಲಿಲ್ಲ, ಕಂದಕವೊಂದೇ ಅಡ್ಡವಿತ್ತು. ಮಾಡೊಗ್ ಅಪ್ ಲೆವೆಲಿನ್ ಎಂಬ ವೆಲ್ಷ್ ನಾಯಕನ ಬಂಡುಕೋರರು ಪೇಟೆಗೋಡೆಯನ್ನು ಕೆಡವಿ ಕೋಟೆಯೊಳಕ್ಕೆ ನುಗ್ಗಿ ಬೆಂಕಿಯಿಟ್ಟರು. ಮರುವರ್ಷ ಮತ್ತೆ ಕಟ್ಟುವ ಕೆಲಸ ಶುರುವಾಯಿತು. 1403–04ರಲ್ಲಿ ವೆಲ್ಷ್ ಬಂಡಾಯದ ನಾಯಕ ಓವೈನ್ ಗ್ಲಿನ್‌ಡೂರ್‌ನ ಕಡೆಯವರು ಮುತ್ತಿದಾಗ ಕೋಟೆ ಜಗ್ಗಲಿಲ್ಲ. 1330ರ ಸುಮಾರಿಗೆ ನಿಂತ ಒಳಗಿನ ಕಟ್ಟಡ ಕೆಲಸ ಮಾತ್ರ ಎಂದೂ ಮುಗಿಯಲಿಲ್ಲ.

ಕತ್ತಿ ಹಿಡಿದ ವೆಲ್ಷ್ ಜನರ ಕೈಯಲ್ಲಿ ಉಳಿಯದ ಊರು ಕೊನೆಗೆ ದಕ್ಕಿದ್ದು ಅವರ ದುಡಿಮೆಗೆ. 1828ರಲ್ಲಿ ನಾಂಟ್ಲೆ ಕಣಿವೆಯಿಂದ ಕುದುರೆ ಎಳೆಯುವ ರೈಲುಹಳಿ ಬಂತು. ಸ್ಲೇಟು ಕಲ್ಲು ಕೋಟೆಯ ಬುಡದ ಧಕ್ಕೆಗೆ ಇಳಿದು ಹಡಗು ಹತ್ತಿತು. ಗಣಿಯವರ ಮಾತು ವೆಲ್ಷ್, ಹಾಗಾಗಿ ಅಂಗಡಿಯ, ಪ್ರಾರ್ಥನಾ ಮಂದಿರದ ಮಾತೂ ವೆಲ್ಷ್. ಅದನ್ನು ಓದುವವರಿದ್ದರು, ಅಚ್ಚುಮನೆಗಳೆದ್ದವು. 1855ರಲ್ಲಿ ‘ಅರ್ ಹೆರಾಲ್ಡ್ ಕಮ್ರೇಗ್’ ಪತ್ರಿಕೆ ಇಲ್ಲೇ ಶುರುವಾಯಿತು. ಕೋಟೆಯ ಎತ್ತರದ ಹದ್ದಿನ ಬುರುಜಿಗಿಂತ ಆ ಅಚ್ಚುಮೊಳೆಗಳೇ ಈ ಊರಿನ ದೊಡ್ಡ ಚರಿತ್ರೆ ಎಂದು ನಾನು ನಂಬುತ್ತೇನೆ.

1911ರಲ್ಲಿ, ಮತ್ತೆ 1969ರಲ್ಲಿ ಬ್ರಿಟನ್ನಿನ ಯುವರಾಜರಿಗೆ ‘ವೇಲ್ಸ್ ರಾಜಕುಮಾರ’ ಪಟ್ಟ ಕಟ್ಟಿದ್ದು ಈ ಕೋಟೆಯಲ್ಲೇ. ಎರಡನೆಯ ಸಲ ವೆಲ್ಷ್ ರಾಷ್ಟ್ರೀಯವಾದಿಗಳ ಪ್ರತಿಭಟನೆ ಜೋರಾಗಿತ್ತು. ಪಟ್ಟವೇರಿದ ಚಾರ್ಲ್ಸ್ ಅದಕ್ಕೆ ಮುಂಚೆ ಅಬರಿಸ್ಟ್‌ವಿತ್‌ನ ಕಾಲೇಜಿನಲ್ಲಿ ಒಂದು ಅವಧಿ ವೆಲ್ಷ್ ಕಲಿತು ಬಂದು, ಸಮಾರಂಭದಲ್ಲಿ ಆ ಭಾಷೆಯಲ್ಲೂ ಮಾತಾಡಬೇಕಾಯಿತು.

ಊರಿನವರು ತಮ್ಮನ್ನು ‘ಕೋವಿ’ ಎಂದು ಕರೆದುಕೊಳ್ಳುತ್ತಾರೆ. ಅವರ ಆಡುಮಾತಿನ ಧಾಟಿಯೇ ಬೇರೆ. ಎಡ್ವರ್ಡನ ಪೇಟೆಗೋಡೆಯ ಒಳಮಗ್ಗುಲಿಗೆ ಒಂದು ಇಕ್ಕಟ್ಟಿನ ಬೀದಿಯಿದೆ. ವೆಲ್ಷ್‌ನಲ್ಲಿ ಅದರ ಹೆಸರಿನ ಅರ್ಥ ‘ಗೋಡೆಯ ತೂತಿನ ಬೀದಿ’.