ಕಾರ್ಬ್ಯುರೇಟರಿನ ಮಿಶ್ರಣವನ್ನು ಹದಗೊಳಿಸುವ ಕ್ರಮ

ಘಟ್ಟದ ಮೇಲಿನ ಅಡಿಕೆ, ಮೆಣಸುಗಳನ್ನು ಮಂಗಳೂರಿನ ಬಂದರು ಪ್ರದೇಶದ ಮಂಡಿಗಳಿಗೆ ತರುವ ಜಮೀನುದಾರರಲ್ಲಿ ಕೆಲವರು ಹಳೆಯ ಪೆಟ್ರೋಲು ಜೀಪು, ಕಾರುಗಳನ್ನು ಇಟ್ಟುಕೊಂಡಿರುವುದುಂಟು. ಈಗಿನ ಹೊಸ ಕಾರುಗಳಿಗೆ ಕಾರ್ಬ್ಯುರೇಟರು ಇಲ್ಲ. ಹಳೆಯವುಗಳಲ್ಲಿ ಗಾಳಿಗೆ ಪೆಟ್ರೋಲನ್ನು ಬೆರೆಸುವ ಕೆಲಸವೆಲ್ಲ ಅದರದೇ. ಬಿತ್ತನೆಗೆ ಭೂಮಿಯ ಹದ ಹೇಗೋ ಎಂಜಿನ್ನಿಗೆ ಈ ಮಿಶ್ರಣದ ಹದವೂ ಹಾಗೆಯೇ. ಎಂಜಿನ್ನು ಬಲವುಳ್ಳದ್ದಾದಷ್ಟೂ ಹದ ತಪ್ಪಿದಾಗ ಬೇಗ ಕೆಡುವುದು.

ಶುದ್ಧ ಪೆಟ್ರೋಲಿನ 1 ಪಾಲು ಪೂರ್ಣವಾಗಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. ಪೂರ್ಣ ಹೊರೆಯಲ್ಲಿ ಹೆಚ್ಚಿನ ಶಕ್ತಿ ಬರುವುದು ಸುಮಾರು 12.5ರಿಂದ 13 ಪಾಲು ಗಾಳಿಯಲ್ಲಿ. ಪೆಟ್ರೋಲು ಇದಕ್ಕಿಂತ ಹೆಚ್ಚಾದರೆ ಕರಿಹೊಗೆ ಬರುವುದು, ಹಣ ಪೋಲಾಗುವುದು, ಸಿಲಿಂಡರಿನ ಎಣ್ಣೆ ತೊಳೆದುಹೋಗುವುದು. ಕಡಮೆಯಾದರೆ ಮಿಶ್ರಣ ತೆಳುವಾಗಿ ಎಂಜಿನ್ನು ಮಿತಿಮೀರಿ ಕಾಯುವುದು, ಏರಿನಲ್ಲಿ ಕಟಕಟನೆ ಬಡಿಯುವುದು. ಕೊನೆಗೆ ವಾಲ್ವು ಸುಟ್ಟು ಪಿಸ್ಟನ್ನೂ ತೂತಾಗಬಹುದು. ಮೊದಲನೆಯದು ನಷ್ಟ, ಎರಡನೆಯದು ನಾಶ.

ಹದವನ್ನು ಎಲ್ಲಿ ನೋಡಬೇಕೆಂಬುದು ಮುಖ್ಯವಾದ ವಿಷಯ. ಮಂಗಳೂರು ಸಮುದ್ರಮಟ್ಟದಲ್ಲಿರುವುದು, ಮಡಿಕೇರಿ ಸುಮಾರು 1,100 ಮೀಟರು ಎತ್ತರದಲ್ಲಿರುವುದು. ಅಲ್ಲಿನ ಗಾಳಿಯ ಸಾಂದ್ರತೆ ನೂರಕ್ಕೆ ಸುಮಾರು 10ರಷ್ಟು ಕಡಮೆ. ಇದರಿಂದ ಅದೇ ಜೆಟ್ಟಿನಲ್ಲಿ ಮಿಶ್ರಣವು ನೂರಕ್ಕೆ ಸುಮಾರು 5ರಷ್ಟು ಹೆಚ್ಚು ಪೆಟ್ರೋಲಿನದಾಗುವುದು. ಮಡಿಕೇರಿಯಲ್ಲಿ ಸರಿಪಡಿಸಿದ ಗಾಡಿ ಮಂಗಳೂರಿಗೆ ಇಳಿದರೆ ಅಷ್ಟೇ ತೆಳುವಾಗುವುದು. ಮರಳುವಾಗ ಘಟ್ಟದ ಬುಡದ ಏರಿನಲ್ಲಿ ಅಪಾಯವು ಎದುರಾಗುವುದು. ಇದರ ಮೇಲೆ, ಈಗ ಮಾರುವ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥನಾಲು ಬೆರೆತಿರುವುದು. ಎಥನಾಲಿನಲ್ಲಿ ಆಮ್ಲಜನಕವು ಮೊದಲೇ ಇರುವುದರಿಂದ ಇಂಥ ಪೆಟ್ರೋಲಿಗೆ ಸುಮಾರು 13.5 ಪಾಲು ಗಾಳಿಯೇ ಸಾಕು. ಹಳೆಯ ಜೆಟ್ಟಿನಲ್ಲಿ ಮಿಶ್ರಣವು ಮತ್ತೆ ನೂರಕ್ಕೆ ಸುಮಾರು 8ರಷ್ಟು ತೆಳುವಾಗುವುದು. ಆದುದರಿಂದ ಎರಡು ಕಡೆಯೂ ಓಡುವ ಗಾಡಿಯನ್ನು ಈಗಿನ ಪೆಟ್ರೋಲನ್ನೇ ತುಂಬಿ, ಕರಾವಳಿಯ ಮಟ್ಟದಲ್ಲಿಯೇ ಹದಗೊಳಿಸತಕ್ಕದ್ದು.

ಕ್ರಮವು ಹೀಗೆ:

1. ಮೊದಲು ಗಾಳಿಯ ಫಿಲ್ಟರು, ಪ್ಲಗ್ಗು, ಕಿಡಿಯ ಕಾಲ, ವಾಲ್ವಿನ ಸಂದು, ಫ್ಲೋಟಿನ ಮಟ್ಟ ಇವುಗಳನ್ನು ಸರಿಪಡಿಸಬೇಕು. ಎಥನಾಲಿನಿಂದ ಹಳೆಯ ರಬ್ಬರು ಕೊಳವೆಗಳು ಕೆಡುವುದುಂಟು, ಅವನ್ನೂ ಪರೀಕ್ಷಿಸಬೇಕು.

2. ಎಂಜಿನ್ನನ್ನು ಬಯಲಿನಲ್ಲಿ ಚೆನ್ನಾಗಿ ಕಾಯಿಸಬೇಕು. ಮುಚ್ಚಿದ ಕೊಟ್ಟಿಗೆಯಲ್ಲಿ ಓಡಿಸಕೂಡದು. ಅದರ ಹೊಗೆಯು ಪ್ರಾಣಾಂತಕವಾದುದು.

3. ನಿಂತಲ್ಲಿಯೇ ಓಡುವಾಗ ಮಿಶ್ರಣದ ತಿರುಪನ್ನು ಮೆಲ್ಲನೆ ಒಳಕ್ಕೆ ತಿರುಗಿಸಿ ಎಂಜಿನ್ನು ತಡವರಿಸುವ ಸ್ಥಳವನ್ನೂ, ಹೊರಕ್ಕೆ ತಿರುಗಿಸಿ ಏರಿಳಿಯುವ ಸ್ಥಳವನ್ನೂ ಗುರುತಿಸಿ, ನಡುವೆ ವೇಗವು ಅತಿ ಹೆಚ್ಚಾಗುವಲ್ಲಿ ನಿಲ್ಲಿಸಬೇಕು. ಬಿಗಿಯಾಗಿ ಅದುಮಿದರೆ ತಿರುಪಿನ ಮೊನೆ ಕೆಡುವುದು. ಅನಂತರ ವೇಗದ ತಿರುಪಿನಿಂದ ಓಟವನ್ನು ತಗ್ಗಿಸಬೇಕು.

4. ಈ ತಿರುಪು ಹೊರೆಯ ಕೆಲಸಕ್ಕೆ ಸಾಲದು; ಅಲ್ಲಿ ಮುಖ್ಯ ಜೆಟ್ಟಿನದೇ ಅಧಿಕಾರ. ಮೊದಲು ದೊಡ್ಡ ಜೆಟ್ಟನ್ನು ಹಾಕಿ, ಸಂಚಾರವಿಲ್ಲದ ಏರಿನಲ್ಲಿ ಪೂರ್ಣ ಹೊರೆಯಿಂದ ಓಡಿಸಬೇಕು. ಕ್ಲಚ್ಚನ್ನು ಒತ್ತಿ ಕೂಡಲೇ ಎಂಜಿನ್ನನ್ನು ಆರಿಸಿ, ಗಾಡಿಯನ್ನು ನಿಲ್ಲಿಸಿ, ಆರಿದ ಮೇಲೆ ಪ್ಲಗ್ಗನ್ನು ಕಳಚಿ ನೋಡಬೇಕು. ಪ್ಲಗ್ಗಿನ ಪಿಂಗಾಣಿ ತಿಳಿಗಂದಾದರೆ ಹದವು ಸರಿ. ಕರಿಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು. ಬೆಳ್ಳಗಿದ್ದರೆ ಅಥವಾ ಗುಳ್ಳೆಯೆದ್ದಿದ್ದರೆ ಮಿಶ್ರಣ ತೆಳು. ಒಂದೊಂದೇ ಅಳತೆ ಕಿರಿದಾದ ಜೆಟ್ಟನ್ನು ಹಾಕಿ, ಪ್ರತಿ ಬಾರಿಯೂ ಪರೀಕ್ಷಿಸಬೇಕು. ದೊಡ್ಡದರಿಂದ ಕಿರಿದಕ್ಕೆ ಬರುವುದು ಕ್ಷೇಮ. ಕಿರಿದರಿಂದ ಆರಂಭಿಸಿದರೆ ಪಿಸ್ಟನ್ನೇ ಪರೀಕ್ಷೆಗೆ ಗುರಿಯಾಗುವುದು.

ಹೀಗೆ ಹದಗೊಳಿಸಿದ ಗಾಡಿಯು ಘಟ್ಟದ ಮೇಲೆ ಕೊಂಚ ಹೆಚ್ಚು ಪೆಟ್ರೋಲನ್ನು ಸುಡಬಹುದು. ಪಿಸ್ಟನ್ನು ಹಾಗೂ ವಾಲ್ವುಗಳ ಬೆಲೆಯ ಮುಂದೆ ಈ ವೆಚ್ಚ ಅತ್ಯಲ್ಪ. ಬಡಿತ ಕೇಳಿಬಂದಾಗ ಜಮೀನುದಾರರು ಆ ಗಾಡಿಯನ್ನು ಮಂಡಿಯ ಹೊರೆಗೆ ಹೂಡದೆ ಮೊದಲು ಜೆಟ್ಟನ್ನು ನೋಡಿಸುವುದು ಲೇಸು.