ರೇಷ್ಮೆಹುಳುವಿನ ‘ಜ್ವರ’: ವಾಚ್ಯಾರ್ಥ, ಲಕ್ಷ್ಯಾರ್ಥ ಮತ್ತು ವಿಭಕ್ತಿ

ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರು ರೇಷ್ಮೆಸೀಮೆಯ ಊರು. ಈ ಸೀಮೆಯಲ್ಲಿ ‘ಹುಳ ಜ್ವರಕ್ಕೆ ಕೂತವೆ’ ಎಂದರೆ ಯಾರೂ ಗಾಬರಿಗೊಳ್ಳುವುದಿಲ್ಲ. ರೇಷ್ಮೆಹುಳು 4 ಬಾರಿ ಪೊರೆ ಕಳಚುತ್ತದೆ. ಪ್ರತಿ ಸಲವೂ ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆಯೆತ್ತಿ ನಿಶ್ಚಲವಾಗಿರುವ ಅವಧಿಯೇ ‘ಜ್ವರ’.

ಜ್ವರದ ವಾಚ್ಯಾರ್ಥದ ತಿರುಳು ಮೈಯ ತಾಪ. ‘ಚುನಾವಣಾ ಜ್ವರ’ದಲ್ಲಿಯೂ, ಚಿನ್ನದ ಹುಚ್ಚನ್ನು ಸೂಚಿಸುವ ಸ್ಪ್ಯಾನಿಷ್‌ನ ‘ಫಿಯೆಬ್ರೆ ದೆಲ್ ಓರೊ’ ಎಂಬಲ್ಲಿಯೂ ಆ ತಾಪವೇ ಲಕ್ಷ್ಯಾರ್ಥಕ್ಕೆ ದಾಟಿದೆ. ಹುಳುವಿಗಾದರೋ ಮನುಷ್ಯರಂತೆ ಮೈಬಿಸಿಯೇ ಇಲ್ಲ. ಆಹಾರ ಬಿಟ್ಟು ಸುಮ್ಮನಾಗುವುದು, ಬಳಿಕ ಹಸಿದು ಏಳುವುದು, ಇಷ್ಟನ್ನೇ ಪದವು ಹೊತ್ತು ತಂದಿದೆ. ಇದೇ ಸ್ಥಿತಿಗೆ ಸ್ಪ್ಯಾನಿಷ್‌ನಲ್ಲಿ ‘ದೊರ್ಮಿದಾ’, ಅಂದರೆ ನಿದ್ದೆ, ಎಂಬ ಹೆಸರಿದೆ.

ನಮಗೆ ಹೆಚ್ಚು ಮುಖ್ಯವೆನಿಸುವುದು ವಿಭಕ್ತಿಯ ಸಂಗತಿ. ‘ಮಗುವಿಗೆ ಜ್ವರ ಬಂದಿದೆ’ ಎಂಬಲ್ಲಿ ಚತುರ್ಥಿ ಮಗುವಿನ ಪಾಲಿಗೆ, ಕರ್ತೃ ಜ್ವರ. ಹುಳುವಿನ ವಾಕ್ಯದಲ್ಲಿ ಇದು ತಿರುವುಮುರುವು: ಹುಳುವೇ ಕರ್ತೃ, ಚತುರ್ಥಿ ಜ್ವರಕ್ಕೆ. ‘ಊಟಕ್ಕೆ ಕೂತರು’ ಎಂಬುದರ ರಚನೆಯೇ ಇಲ್ಲಿಯದೂ. ಮಗುವಿನ ಮೇಲೆರಗುವ ಜ್ವರವು ಹುಳುವಿನ ಪಾಲಿಗೆ ಹೊತ್ತಿಗೆ ಸರಿಯಾಗಿ ನಡೆಸುವ ಕೆಲಸವಾಗಿಬಿಟ್ಟಿದೆ. ನಿಜವಾದ ರೋಗಗಳಿಗೆ ಬೇರೆಯೇ ಹೆಸರುಗಳುಂಟು: ಹಾಲುತೊಂಡೆ, ಸಪ್ಪೆರೋಗ, ಸುಣ್ಣಕಟ್ಟು, ಗಂಟುರೋಗ.

ಕೈಪಿಡಿಯ ಅನುವಾದಕರು ಈ ಜ್ವರವನ್ನೂ ಆ ಸಾಲಿಗೆ ಸೇರಿಸಿದರೆ, ಓದಿದ ಹೊಸ ಸಾಕಣೆಗಾರ ಔಷಧ ಹುಡುಕಿಯಾನು. ಆಗ ಮಾಡಬೇಕಾದುದು ಸೊಪ್ಪು ನಿಲ್ಲಿಸಿ ಹಾಸಿಗೆಯನ್ನು ಒಣಗಲು ಬಿಡುವುದು; ಹುಳುಗಳೆಲ್ಲ ಜ್ವರದಿಂದ ಎದ್ದ ಮೇಲೆಯೇ ಮತ್ತೆ ಸೊಪ್ಪು.